ಹೋಟೆಲ್ ಜಿಮ್ಮಿಗೆ ಎರಡು ಸ್ಟಾರ್, ಮೆಟ್ಟಿಲಿಗೆ ನಾಲ್ಕು

ಹೋಟೆಲಿನ ಹೆಸರು ಹಾಕುವುದಿಲ್ಲ. ಮುಂದಿನ ತಿಂಗಳು ಮತ್ತೆ ಅಲ್ಲಿಗೇ ಹೋಗಬೇಕು, ಅಲ್ಲಿನ ಹುಡುಗರೂ ಒಳ್ಳೆಯವರು. ದಾವಣಗೆರೆಯ ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ, ಐದು ಮಹಡಿ, ಕೆಳಗೆ ಪಾರ್ಟಿ ಹಾಲ್, ಬುಕಿಂಗ್ ಆಪ್‌ನಲ್ಲಿ ‘ಜಿಮ್ ಇದೆ’ ಅಂತ ಹಸಿರು ಟಿಕ್ಕು. ಇಷ್ಟು ಸಾಕು. ಇಂಥ ಹೋಟೆಲುಗಳು ಎಲ್ಲ ಜಿಲ್ಲಾ ಕೇಂದ್ರಗಳಲ್ಲೂ ಇವೆ. ನೀವು ಉಳಿಯುವ ಕಡೆಯೂ ಕಥೆ ಇದಕ್ಕಿಂತ ಬೇರೆ ಇರಲಿಕ್ಕಿಲ್ಲ.

ನಾನು ಆಸ್ಪತ್ರೆ ಲ್ಯಾಬ್‌ಗಳಲ್ಲಿ ರಕ್ತ ಪರೀಕ್ಷೆ ಮಾಡುವ ಮೆಷಿನ್‌ಗಳ ಸರ್ವಿಸ್ ಎಂಜಿನಿಯರ್. ವಯಸ್ಸು 43. ಹುಟ್ಟಿದ್ದು ಹರಿಹರ, ಈಗಿರುವುದು ಬೆಂಗಳೂರು. ಅಪ್ಪ ಹೋದ ಮೇಲೆ ಹರಿಹರದ ಮನೆ ಮಾರಿಬಿಟ್ಟೆವು. ಹಾಗಾಗಿ ನನ್ನೂರ ಪಕ್ಕದ ಊರಿಗೇ ಬಂದು ರೂಮು ಮಾಡಿ ಉಳಿಯುವ ಯೋಗ. ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜುಗಳೇ ಎರಡಿವೆ, ನರ್ಸಿಂಗ್ ಹೋಮ್‌ಗಳಂತೂ ಬೀದಿಗೊಂದು. ತಿಂಗಳಿಗೆ ಎರಡು ಮೂರು ರಾತ್ರಿ ಇಲ್ಲಿ ಕಳೆಯುವುದು ಖಾಯಂ.

ಜಿಮ್ಮಿನ ಹುಚ್ಚು ನನಗೆ ಮೊದಲಿನಿಂದ ಇರಲಿಲ್ಲ. ಹೋದ ವರ್ಷ ಒಂದು ಲ್ಯಾಬಿನಲ್ಲಿ ಎಚ್‌ಬಿಎ1ಸಿ ಮೆಷಿನ್ ರಿಪೇರಿ ಮಾಡುತ್ತಿದ್ದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದಲ್ಲ, ಅದು. ಕಾಲಮ್ ಅನ್ನುವ ಬಿಡಿಭಾಗ ಬದಲಾಯಿಸಿದೆ, ಫಲಿತಾಂಶ ಮೊದಲೇ ಗೊತ್ತಿರುವ ಕಂಟ್ರೋಲ್ ಸ್ಯಾಂಪಲ್ ಓಡಿಸಿದೆ, ಎಲ್ಲ ಸರಿ ಬಂತು. ಟೆಕ್ನಿಷಿಯನ್ ಹುಡುಗಿ ಸುಮ್ನೆ ತಮಾಷೆಗೆ, “ನಿಮ್ಮದೂ ಒಂದು ಹಾಕಿ ನೋಡೋಣ ಬರ್ರಿ ಮೇಡಂ” ಅಂದಳು. ಕೈ ಕೊಟ್ಟೆ. 6.1 ಬಂತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ ಅಂತ ಅರ್ಥ. ಮೆಷಿನ್ ಸರಿಯಿಲ್ಲ ಅನ್ನೋಣ ಅಂದರೆ ಆಗತಾನೇ ನಾನೇ ಸರಿ ಮಾಡಿ ಸಹಿ ಹಾಕಿದ್ದೆ.

ವಾರಕ್ಕೆ ಕಡಿಮೆ ಅಂದ್ರೂ 150 ನಿಮಿಷ ಬಿರುಸು ನಡಿಗೆ, ಎರಡು ದಿನ ಸ್ನಾಯುಗಳಿಗೆ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ, ನಮ್ಮ ಡಾಕ್ಟರು ಹೇಳಿದ್ದೂ ಇದನ್ನೇ. ಮನೆಯಲ್ಲಿದ್ದರೆ ಕಷ್ಟವಿಲ್ಲ. ತಿಂಗಳಲ್ಲಿ ಹನ್ನೆರಡು ದಿನ ಹೊರಗಿದ್ದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ‘ಜಿಮ್ ಇದೆ’ ಎನ್ನುವ ಹೋಟೆಲಿಗೆ ದಿನಕ್ಕೆ 400 ರೂಪಾಯಿ ಜಾಸ್ತಿ ಕೊಟ್ಟು ಬದಲಾಯಿಸಿಕೊಂಡೆ.

ಮೊದಲ ದಿನ ಬೆಳಿಗ್ಗೆ ಆರಕ್ಕೆ ಹೋದರೆ ಬೀಗ. ಸಮಯ ಬೆಳಿಗ್ಗೆ 6ರಿಂದ ಅಂತ ಬಾಗಿಲ ಮೇಲೇ ಬರೆದಿದೆ. ಕೆಳಗಿಳಿದು ಕೇಳಿದೆ. ಬೀಗದ ಕೈ ಮ್ಯಾನೇಜರ್ ಹತ್ತಿರ, ಮ್ಯಾನೇಜರ್ ಬರುವುದು ಏಳೂವರೆಗೆ. ಏಳೂವರೆಗೆ ನಾನು ಲ್ಯಾಬಿನಲ್ಲಿರಬೇಕು. ಎಂಟಕ್ಕೆ ಸ್ಯಾಂಪಲ್‌ಗಳು ಬರಲು ಶುರುವಾಗುತ್ತವೆ, ಅಷ್ಟರಲ್ಲಿ ಮೆಷಿನ್ ತಯಾರಾಗಿರಬೇಕು. ಆ ದಿನ ಕಾರಿಡಾರಿನಲ್ಲೇ ಆ ತುದಿಯಿಂದ ಈ ತುದಿಗೆ ನಡೆದೆ. ಪೇಪರ್ ಹಾಕುವ ಹುಡುಗ ಎರಡು ಸಲ ಹಾದುಹೋದ. ಎರಡನೇ ಸಲ, “ಏನಾರ ಕಳ್ಕಂಡೀರೇನ್ರಿ ಮೇಡಂ?” ಅಂದ.

ಎರಡನೇ ದಿನ ರಾತ್ರಿಯೇ ಬೀಗದ ಕೈ ಇಸಿದುಕೊಂಡೆ. ಬಾಗಿಲು ತೆಗೆದು ಲೈಟು ಹಾಕಿದರೆ ಜಿಮ್ಮಿನ ಅರ್ಧ ಭಾಗದಲ್ಲಿ ಮದುವೆ ಕುರ್ಚಿಗಳು. ಒಂದರ ಮೇಲೊಂದು ಪೇರಿಸಿ, ಮೇಲೆ ಬಿಳಿ ಕವರ್ ಹಾಕಿ, ಕೆಂಪು ರಿಬ್ಬನ್ ಸಮೇತ ಇಟ್ಟಿದ್ದರು. ಸೈಕಲ್ಲಿನ ಹ್ಯಾಂಡಲ್‌ಗೆ ಯಾರೋ ಪ್ಲಾಸ್ಟಿಕ್ ಹೂವಿನ ಮಾಲೆ ನೇತುಹಾಕಿದ್ದರು. ಕೆಳಗಿನ ಹಾಲಿನಲ್ಲಿ ಆ ದಿನ ಆರತಕ್ಷತೆ ಇಲ್ಲ, ಹಾಗಾಗಿ ಅದರ ಸಾಮಾನೆಲ್ಲ ಇಲ್ಲಿ.

ಸರಿ, ಟ್ರೆಡ್‌ಮಿಲ್‌ಗಾದರೂ ದಾರಿ ಇತ್ತು. ಇನ್ನು ಮುಂದಿನದು ಸ್ವಲ್ಪ ಉದ್ದ. ನನ್ನ ಕಸುಬೇ ಅದು, ಕ್ಷಮಿಸಿ.

ಟ್ರೆಡ್‌ಮಿಲ್‌ನಲ್ಲಿ ಒಂದು ಸುರಕ್ಷತಾ ಕೀ ಇರುತ್ತದೆ. ಕೆಂಪು ಬಣ್ಣದ್ದು, ಹಿಂದೆ ಮ್ಯಾಗ್ನೆಟ್, ಒಂದು ದಾರ, ದಾರದ ತುದಿಗೆ ಕ್ಲಿಪ್ಪು. ಕ್ಲಿಪ್ಪನ್ನು ಬಟ್ಟೆಗೆ ಸಿಕ್ಕಿಸಿಕೊಳ್ಳಬೇಕು. ಕಾಲು ಜಾರಿ ಹಿಂದಕ್ಕೆ ಹೋದರೆ ದಾರ ಎಳೆದು ಕೀ ಕಿತ್ತು ಬರುತ್ತದೆ, ಬೆಲ್ಟು ನಿಲ್ಲುತ್ತದೆ. ಆ ಕೀ ಇಲ್ಲದೆ ಮೆಷಿನ್ ಶುರುವೇ ಆಗುವುದಿಲ್ಲ. ಇಲ್ಲಿ ಅದು ಎಂದೋ ಕಳೆದುಹೋಗಿದೆ. ಅದರ ಜಾಗದಲ್ಲಿ ತೆಂಗಿನಮರದ ಚಿತ್ರ ಇರುವ, ‘ಗೋವಾ’ ಎಂದು ಬರೆದ ಫ್ರಿಜ್ ಮ್ಯಾಗ್ನೆಟ್ ಅಂಟಿಸಿದ್ದಾರೆ. ಮೆಷಿನ್‌ಗೆ ಏನು ಗೊತ್ತು? ಮ್ಯಾಗ್ನೆಟ್ ಸಿಕ್ಕಿತು, ಓಡುತ್ತದೆ. ಆದರೆ ನೀವು ಬಿದ್ದರೆ ಗೋವಾ ಅಲ್ಲೇ ಇರುತ್ತದೆ, ಬೆಲ್ಟು ತಿರುಗುತ್ತಲೇ ಇರುತ್ತದೆ.

6 ಕಿಲೋಮೀಟರ್ ವೇಗಕ್ಕೆ ಇಟ್ಟು ನಡೆದೆ. ನನ್ನ ಮಾಮೂಲಿ ವೇಗ ಅದೇ, ಸ್ವಲ್ಪ ಏದುಸಿರು ಬರಬೇಕು. ಬರಲಿಲ್ಲ. ನಾನೇ ಗಟ್ಟಿಯಾಗಿದ್ದೇನೆ ಅಂತ ಐದು ನಿಮಿಷ ಖುಷಿಪಟ್ಟೆ. ಆಮೇಲೆ ಅನುಮಾನ ಬಂತು. ಹಿಮ್ಮಡಿ ಊರಿದಾಗಲೆಲ್ಲ ಬೆಲ್ಟು ಒಂಚೂರು ತಡವರಿಸುತ್ತಿತ್ತು. ಮೋಟಾರಿನ ಕಡೆಯಿಂದ ಸಣ್ಣಗೆ ಸುಟ್ಟ ವಾಸನೆ. ನಿಲ್ಲಿಸಿ, ಪ್ಲಗ್ ಕಿತ್ತು, ಬೆಲ್ಟಿನ ಅಂಚು ಎತ್ತಿ ಕೈ ತೂರಿಸಿದೆ. ಕೆಳಗಿನ ಹಲಗೆ ಒಣಕಲು. ಬೆರಳಿಗೆ ಕಪ್ಪು ಪುಡಿ ಬಂತು.

ಬೆಲ್ಟಿಗೂ ಹಲಗೆಗೂ ನಡುವೆ ಸಿಲಿಕೋನ್ ಎಣ್ಣೆ ಇರಬೇಕು. ಅದಿಲ್ಲದಿದ್ದರೆ ಉಜ್ಜಾಟ ಜಾಸ್ತಿಯಾಗಿ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಸುಡುತ್ತದೆ. ಬೆಲ್ಟೂ ಸಡಿಲವಾಗಿದ್ದರೆ ರೋಲರಿನ ಮೇಲೆ ಜಾರುತ್ತದೆ. ಆಗ ಪರದೆಯ ಮೇಲೆ ಒಂದು ವೇಗ, ಕಾಲ ಕೆಳಗೆ ಇನ್ನೊಂದು ವೇಗ.

ಅಳೆದೇ ಬಿಡೋಣ ಅನ್ನಿಸಿತು. ಬ್ಯಾಗಿನಲ್ಲಿ ಟೇಪು ಯಾವಾಗಲೂ ಇರುತ್ತದೆ. ಬೆಲ್ಟಿನ ಸುತ್ತಳತೆ 2.9 ಮೀಟರ್. ಬೆಲ್ಟಿನ ಅಂಚಿಗೆ ಬಿಳಿ ಮೈಕ್ರೋಪೋರ್ ಟೇಪಿನ ಒಂದು ತುಂಡು ಅಂಟಿಸಿದೆ, ಆಸ್ಪತ್ರೆಯಲ್ಲಿ ಸೂಜಿಯ ಮೇಲೆ ಹಚ್ಚುತ್ತಾರಲ್ಲ, ಅದೇ. ಅಷ್ಟರಲ್ಲಿ ರೂಮ್ ಬಾಯ್ ಕುರ್ಚಿ ಒಯ್ಯಲು ಬಂದ. ಜಗಳೂರು ಕಡೆಯ ಹುಡುಗ, ಇಪ್ಪತ್ತು ದಾಟಿರಲಿಕ್ಕಿಲ್ಲ. ಅವನ ಕೈಗೆ ಮೊಬೈಲ್ ಕೊಟ್ಟು ಒಂದು ನಿಮಿಷಕ್ಕೆ ಬಿಳಿ ತುಂಡು ಎಷ್ಟು ಸಲ ಸುತ್ತುತ್ತದೆ ಎಣಿಸಪ್ಪಾ ಅಂದೆ. ಯಾಕೆ ಅಂತ ಕೇಳಲಿಲ್ಲ. ಕುಕ್ಕರುಗಾಲಲ್ಲಿ ಕೂತು ಜೋರಾಗಿ ಎಣಿಸಿದ.

ಯಾರೂ ಮೇಲಿಲ್ಲದಾಗ 30 ಸುತ್ತು. ನಾನು ನಡೆಯುವಾಗ 28.

28 ಸಲ 2.9 ಅಂದರೆ ನಿಮಿಷಕ್ಕೆ 81 ಮೀಟರ್ ಚಿಲ್ಲರೆ. ಗಂಟೆಗೆ 4.9 ಕಿಲೋಮೀಟರ್. ಪರದೆ ಹೇಳುತ್ತಿದ್ದದ್ದು 6. ನಲವತ್ತು ನಿಮಿಷಕ್ಕೆ 4 ಕಿಲೋಮೀಟರ್ ನಡೆದೆ ಅಂತ ಮೆಷಿನ್ ಬೆನ್ನು ತಟ್ಟುತ್ತದೆ. ನಿಜಕ್ಕೂ ನಡೆದದ್ದು ಮೂರೂಕಾಲು. ಕ್ಯಾಲೊರಿ ಕಥೆ ಇನ್ನೂ ಚೆಂದ. ನನ್ನ ತೂಕ ಎಷ್ಟು ಅಂತ ಅದು ಕೇಳಲೇ ಇಲ್ಲ. ತೂಕ ಗೊತ್ತಿಲ್ಲದೆ ಕ್ಯಾಲೊರಿ ಹೇಳುವುದು, ಜಾತಕ ನೋಡದೆ ಭವಿಷ್ಯ ಹೇಳಿದ ಹಾಗೆ. 260 ತೋರಿಸಿತು. 62 ಕೆಜಿಯ ನನಗೆ, ಆ ದೂರಕ್ಕೆ, 150ರ ಆಸುಪಾಸು ಅಂತ ನನ್ನ ಲೆಕ್ಕ. ಉಳಿದ 110ನ್ನು ನಂಬಿ ಸಂಜೆ ಮಿರ್ಚಿ ತಿಂದರೆ ಕೆಟ್ಟಂತೆಯೇ.

ರಿಸೆಪ್ಶನ್‌ಗೆ ಹೋಗಿ ಹೇಳಿದೆ. “ಎಎಂಸಿ ಐತ್ರಿ ಮೇಡಂ” ಅಂದರು. ಎಎಂಸಿ ಅಂದರೆ ಮೆಷಿನ್ ನೋಡಿಕೊಳ್ಳುವ ವಾರ್ಷಿಕ ಒಪ್ಪಂದ. ಅದನ್ನು ನನಗೇ ಹೇಳ್ತಾರೆ! ಆಸ್ಪತ್ರೆ ಮೆಷಿನ್‌ಗಾದರೆ ಮೈಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಯಾವತ್ತು ನೋಡಿದ್ದು, ಮುಂದೆ ಯಾವತ್ತು ನೋಡಬೇಕು, ನೋಡಿದವರ ಸಹಿ. ತಡವಾದರೆ ಲ್ಯಾಬಿನವರು ನನ್ನ ಜೀವ ತೆಗೀತಾರೆ. ಈ ಟ್ರೆಡ್‌ಮಿಲ್ ಮೈಮೇಲೆ ಇದ್ದದ್ದು ಎರಡು ಸ್ಟಿಕ್ಕರ್: ಅಂಗಡಿಯವರ ಫೋನ್ ನಂಬರ್ ಒಂದು, ಅಳಿಸಿಹೋದ ಬೆಲೆ ಚೀಟಿ ಇನ್ನೊಂದು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಸೈಕಲ್ ಇದೆ, ಬಲ ಪೆಡಲ್ಲಿನ ಪಟ್ಟಿ ಇಲ್ಲ. ಡಂಬೆಲ್‌ಗಳು 2.5, 5, 7.5 ಕೆಜಿ, ಏಳೂವರೆಯದು ಒಂಟಿ. ಜೋಡಿ ಎಲ್ಲಿ ಅಂದರೆ ಅಡುಗೆಮನೆಯ ಹಿಂಬಾಗಿಲಿಗೆ ಒತ್ತು ಕೊಟ್ಟಿದ್ದಾರೆ, ನಾನೇ ಕಣ್ಣಾರೆ ನೋಡಿದೆ. ಕನ್ನಡಿ ದೊಡ್ಡದು, ಸ್ವಚ್ಛವಾಗಿದೆ. ಎಸಿ ಇದೆ, ರಿಮೋಟ್ ಇಲ್ಲ. ಕುಡಿಯುವ ನೀರು ರೂಮಿನಿಂದ ತರಬೇಕು.

ಹೆಂಗಸರಿಗೆ ಒಂದು ಮಾತು. ಜಿಮ್ಮಿನ ಬಾಗಿಲು ಪೂರ್ತಿ ಗಾಜು, ಎದುರಿಗೇ ಲಿಫ್ಟು. ಲಿಫ್ಟಿಗೆ ಕಾಯುವವರಿಗೆ ಬೇರೆ ನೋಡಲಿಕ್ಕೆ ಏನೂ ಇಲ್ಲ. ಒಂದು ದಿನ ಮೂವರು ಗಂಡಸರು ಲಿಫ್ಟು ಬಂದರೂ ಹತ್ತದೆ ನಿಂತಿದ್ದರು. ನಾನು ನೇರ ನೋಡಿ, “ಏನ್ರಿ, ನೀವೂ ಬರ್ತೀರಾ?” ಅಂದ ಮೇಲೆ ಮೆಟ್ಟಿಲಲ್ಲೇ ಇಳಿದು ಹೋದರು. ಗಾಜಿಗೆ ಎದೆಮಟ್ಟದವರೆಗೆ ಒಂದು ಮಬ್ಬು ಫಿಲ್ಮ್ ಅಂಟಿಸಲು ಎಷ್ಟು ಖರ್ಚಾಗುತ್ತದೆ? ಕೇಳಿದ್ದೇನೆ. “ಓನರಿಗೆ ಹೇಳ್ತೀವ್ರಿ” ಅಂದಿದ್ದಾರೆ.

ಅವರು ಮೆಟ್ಟಿಲು ಇಳಿದದ್ದು ನೋಡಿಯೇ ನನಗೂ ಮೆಟ್ಟಿಲು ಕಂಡದ್ದು.

ಈ ಹೋಟೆಲಿನ ಮೆಟ್ಟಿಲಿಗೆ ನಾನು ನಾಲ್ಕು ಸ್ಟಾರ್ ಕೊಡುತ್ತೇನೆ. ಮಹಡಿಗೆ 22 ಮೆಟ್ಟಿಲು, ಎಲ್ಲ ಒಂದೇ ಎತ್ತರ, ಕಡಪ ಕಲ್ಲು, ಒಂದು ಕಡೆ ಗಟ್ಟಿ ಕಬ್ಬಿಣದ ಹಿಡಿ. ಅರ್ಧ ಮಹಡಿಗೊಂದು ಕಿಟಕಿ, ಗಾಳಿ ಬರುತ್ತದೆ. ಬೆಳಿಗ್ಗೆ ಆರಕ್ಕೆ ಯಾರೂ ಇರುವುದಿಲ್ಲ. ಕೆಳಗಿನಿಂದ ಐದನೇ ಮಹಡಿಗೆ ಹತ್ತಿ, ನಿಧಾನ ಇಳಿದು, ಮತ್ತೆ ಹತ್ತುವುದು. ಐದು ಸಲಕ್ಕೆ ಇಪ್ಪತ್ತು ನಿಮಿಷ. ಟ್ರೆಡ್‌ಮಿಲ್‌ನಲ್ಲಿ ಬಾರದ ಏದುಸಿರು ಎರಡನೇ ಸಲಕ್ಕೇ ಬಂತು. ಬೀಗ ಇಲ್ಲ, ಎಎಂಸಿ ಬೇಡ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಯಾಕೆಂದರೆ ಮೂರನೇ ಮಹಡಿಯಲ್ಲಿ ಬಲ್ಬು ಹೋಗಿದೆ, ನೆಲ ಒರೆಸಿದ ಮೇಲೆ ಕಲ್ಲು ಜಾರುತ್ತದೆ. ಮಂಡಿನೋವು ಇದ್ದವರು ಹತ್ತುವುದು ಮೆಟ್ಟಿಲಲ್ಲಿ, ಇಳಿಯುವುದು ಲಿಫ್ಟಲ್ಲಿ ಮಾಡಿ. ಮಂಡಿಗೆ ಪೆಟ್ಟು ಕೊಡುವುದು ಇಳಿಯುವಾಗಲೇ ಜಾಸ್ತಿ.

ಆಮೇಲೆ ರೂಮಿಗೆ ಬಂದು ಬಸ್ಕಿ. ನಮ್ಮಪ್ಪ ಹರಿಹರದ ಕಿರ್ಲೋಸ್ಕರ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು, ಮದುವೆಗೆ ಮುಂಚೆ ಗರಡಿಯಲ್ಲಿ ಸಾಮು ಮಾಡಿದವರು. ಈ ಕಡೆ ಕುಸ್ತಿಯ ಹುಚ್ಚು ನಿಮಗೆ ಗೊತ್ತೇ ಇದೆ. ಐವತ್ತೈದು ದಾಟಿದರೂ ಸ್ನಾನಕ್ಕೆ ಮುಂಚೆ ಬಚ್ಚಲ ಬಾಗಿಲಲ್ಲಿ ನಿಂತು ಐವತ್ತು ಬಸ್ಕಿ, ಇಪ್ಪತ್ತು ದಂಡ ಹೊಡೆಯುತ್ತಿದ್ದರು. ಒಲೆಯ ಮೇಲೆ ನೀರು ಕಾಯುವಷ್ಟು ಹೊತ್ತು, ಅಷ್ಟೇ. ನನಗಾಗ ಬಸ್ಕಿ ಅಂದರೆ ಶಾಲೆಯಲ್ಲಿ ಕಿವಿ ಹಿಡಿದುಕೊಂಡು ಮಾಡುವ ಶಿಕ್ಷೆ ಮಾತ್ರ. “ಇದಕ್ಕೆ ಏನ್ ಬೇಕವ್ವಾ, ಎರಡು ಪಾದದಷ್ಟು ನೆಲ ಇದ್ರೆ ಆತು” ಅನ್ನುತ್ತಿದ್ದರು. ಈಗ ಹೋಟೆಲ್ ರೂಮಿನಲ್ಲಿ ಮಂಚಕ್ಕೂ ಟಿವಿಗೂ ನಡುವೆ ಉಳಿಯುವ ಜಾಗ ಸರಿಯಾಗಿ ಅಷ್ಟೇ. ಹದಿನೈದರಂತೆ ಮೂರು ಸಲ, 5 ಕೆಜಿಯ ಡಂಬೆಲ್ ಎದೆಗೆ ಅವಚಿಕೊಂಡು. ಡಂಬೆಲ್ ರೂಮಿಗೆ ಒಯ್ಯಲು ಇಲ್ಲಿ ಯಾರೂ ಬೇಡ ಅನ್ನುವುದಿಲ್ಲ, ಅದು ಈ ಹೋಟೆಲಿನ ಪ್ಲಸ್ ಪಾಯಿಂಟ್. ಸಕ್ಕರೆ ಇದ್ದವರಿಗೆ ತೊಡೆಯ ಕೆಲಸ ಬಹಳ ಒಳ್ಳೆಯದು. ದೊಡ್ಡ ಸ್ನಾಯುಗಳು ದುಡಿಯುವಾಗ ರಕ್ತದಲ್ಲಿನ ಗ್ಲೂಕೋಸನ್ನು ಇನ್ಸುಲಿನ್‌ಗೆ ಕಾಯದೆಯೂ ಎಳೆದುಕೊಳ್ಳುತ್ತವೆ.

ಬಿಡುವಿದ್ದ ಬೆಳಿಗ್ಗೆ ಆಟೋ ಹಿಡಿದು ಕುಂದುವಾಡ ಕೆರೆಗೆ ಹೋಗುತ್ತೇನೆ. ಊರಿಗೆ ಕುಡಿಯುವ ನೀರು ಕೊಡುವ ಕೆರೆ, ಭದ್ರಾ ನಾಲೆಯ ನೀರಿನಿಂದ ತುಂಬುತ್ತದೆ. ಹತ್ತಿರದಲ್ಲೇ ಗಾಜಿನ ಮನೆ. ಏರಿಯ ಮೇಲೆ ಬೆಳಿಗ್ಗೆ ಒಳ್ಳೆಯ ಜನ. ಸ್ವೆಟರ್ ಹಾಕಿ ಮಂಕಿ ಟೋಪಿ ಬಿಗಿದ ಅಜ್ಜಂದಿರು, ಸೀರೆಗೆ ಸ್ಪೋರ್ಟ್ಸ್ ಶೂ ಹಾಕಿದ ಆಂಟಿಯರು, ಪೊಲೀಸ್ ಪರೀಕ್ಷೆಗೆ ಓಡುವ ಹುಡುಗರು. ಒಬ್ಬಳೇ ನಡೆದರೂ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿ ನನ್ನ 6 ಕಿಲೋಮೀಟರ್ ವೇಗ ನಿಜವಾಗಿಯೂ 6. ಕೆರೆಗೆ ಐದಕ್ಕೆ ಐದು ಕೊಡುತ್ತಿದ್ದೆ, ಆದರೆ ವಾಪಸ್ ಬರುವಾಗ ಆಟೋದವರು ಹೇಳುವ ರೇಟು ಕೇಳಿ ನಾಲ್ಕೂವರೆಗೆ ಇಳಿಸಿದೆ.

ಊಟದ ವಿಷಯ ಬಿಡುವ ಹಾಗಿಲ್ಲ, ಊರು ದಾವಣಗೆರೆ. ಹೋಟೆಲಿನ ಫ್ರೀ ತಿಂಡಿ ಸಪ್ಪೆ: ಬ್ರೆಡ್ಡು, ಜಾಮು, ತಣ್ಣಗಾದ ಇಡ್ಲಿ. ಅದನ್ನು ಬಿಟ್ಟು ಹೊರಗೆ ಹೋದರೆ ಬೆಣ್ಣೆ ದೋಸೆ ಕರೆಯುತ್ತದೆ. ಸೌದೆ ಒಲೆ, ಕಾವಲಿ, ಮೇಲೆ ಬೆಣ್ಣೆ ಮುದ್ದೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ಬಿಳಿ ಚಟ್ನಿ. ಈ ಊರಿಗೆ ಬಂದು ತಿನ್ನಲೇಬಾರದು ಅನ್ನುವವಳಲ್ಲ ನಾನು. ಒಂದು ಭೇಟಿಗೆ ಒಂದೇ ದೋಸೆ, ಅದೂ ಕೊನೆಯ ದಿನ, ತಿಂದ ಮೇಲೆ ರೈಲ್ವೆ ಸ್ಟೇಷನ್‌ವರೆಗೆ ಬ್ಯಾಗ್ ಹೊತ್ತು ನಡಿಗೆ. ಊಟ ಆದ ತಕ್ಷಣ ಹದಿನೈದು ನಿಮಿಷ ನಡೆದರೆ ಸಕ್ಕರೆ ಏರುವುದು ಕಡಿಮೆಯಾಗುತ್ತದೆ, ಇದು ನಾನೇ ಬೆರಳು ಚುಚ್ಚಿ ನೋಡಿ ಖಾತ್ರಿ ಮಾಡಿಕೊಂಡದ್ದು. ಸಂಜೆಯ ಖಾರ ಮಂಡಕ್ಕಿ ಮಾತ್ರ ಬಿಟ್ಟಿಲ್ಲ. ಜೊತೆಗೆ ಮಿರ್ಚಿ ಬಿಟ್ಟಿದ್ದೇನೆ. ಹೆಚ್ಚು ಕಮ್ಮಿ ಬಿಟ್ಟಿದ್ದೇನೆ.

ಚಿತ್ರದುರ್ಗದ ಕೆಲಸ ಇದ್ದಾಗ ಜಿಮ್ ಹುಡುಕುವುದೇ ಇಲ್ಲ. ಅರವತ್ತು ಕಿಲೋಮೀಟರ್ ಆಚೆ ಹೋದರೆ ಏಳು ಸುತ್ತಿನ ಕೋಟೆ ಇರುವಾಗ ಯಾರಿಗೆ ಬೇಕು ಟ್ರೆಡ್‌ಮಿಲ್? ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ ಏಕನಾಥೇಶ್ವರಿ ಗುಡಿ ದಾಟಿ ಗೋಪಾಲಸ್ವಾಮಿ ಹೊಂಡದವರೆಗೆ ಹೋಗಿಬಂದರೆ ಆ ದಿನದ ಲೆಕ್ಕ ಮುಗಿಯಿತು. ಬಂಡೆ ಬಿಸಿಯಾಗುವ ಮುಂಚೆ ಇಳಿದುಬಿಡಬೇಕು. ಒಳ್ಳೆಯ ಅಡಿ ಇರುವ ಶೂ ಹಾಕಿ. ತುಪ್ಪದ ಕೊಳದ ಕಡೆ ಬಂಡೆಯಲ್ಲಿ ಕೊರೆದ ಕಾಲ್ಗುಳಿಗಳಲ್ಲಿ ಹತ್ತುವ ಸಾಹಸ ಒಂದು ಸಲ ಮಾಡಿದೆ. ಹತ್ತುವಾಗ ಏನೂ ಅನ್ನಿಸಲಿಲ್ಲ. ಇಳಿಯುವಾಗ ಕೂತುಕೊಂಡೇ ಇಳಿದೆ, ಪ್ಯಾಂಟು ಹರಿಯಿತು.

ನೀವು ಬುಕ್ ಮಾಡುವಾಗ ‘ಜಿಮ್ ಇದೆಯಾ’ ಅಂತ ಕೇಳಬೇಡಿ, ಇದೆ ಅಂತಲೇ ಹೇಳುತ್ತಾರೆ. ಬೆಳಿಗ್ಗೆ ಆರಕ್ಕೆ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಕೇಳಿ. ಆ ದಿನ ಹಾಲಿನಲ್ಲಿ ಕಾರ್ಯಕ್ರಮ ಇದೆಯಾ ಕೇಳಿ, ಇದ್ದರೆ ಒಳ್ಳೆಯದು, ಕುರ್ಚಿಗಳು ಕೆಳಗಿರುತ್ತವೆ. ಆಪ್‌ನಲ್ಲಿ ಹಾಕಿರುವ ಜಿಮ್ಮಿನ ಫೋಟೋದಲ್ಲಿ ಮೆಷಿನ್‌ಗೆ ಪ್ಲಾಸ್ಟಿಕ್ ಕವರ್ ಇನ್ನೂ ಸುತ್ತಿದ್ದರೆ ಆ ಫೋಟೋ ತಂದ ದಿನದ್ದು ಅಂತ ತಿಳಿಯಿರಿ. ಕೆಂಪು ಕೀ ಇಲ್ಲದ ಟ್ರೆಡ್‌ಮಿಲ್ ಹತ್ತಲೇಬೇಡಿ, ಎಷ್ಟೇ ಚೆಂದದ ಮ್ಯಾಗ್ನೆಟ್ ಇರಲಿ.

ಕಳೆದ ವಾರ ಮತ್ತೆ ಹೋಗಿದ್ದೆ, ಸುಮಾರು ಐದು ವಾರದ ನಂತರ. ಟ್ರೆಡ್‌ಮಿಲ್ ಬೆಲ್ಟಿನ ಮೇಲೆ ನನ್ನ ಮೈಕ್ರೋಪೋರ್ ತುಂಡು ಹಾಗೇ ಇತ್ತು. ಶೂ ಹಾಕಿ ನಾಲ್ಕು ಜನ ನಡೆದಿದ್ದರೂ ಎದ್ದು ಹೋಗಬೇಕಿತ್ತು. ಒಂದು ಮೂಲೆಯೂ ಸುರುಳಿಯಾಗಿರಲಿಲ್ಲ, ಮೇಲೆ ತೆಳ್ಳಗೆ ಧೂಳು ಕೂತಿತ್ತು. ಹಲಗೆ ಇನ್ನೂ ಒಣಕಲು. ನಾನೇ ತಂದಿದ್ದ ಸಿಲಿಕೋನ್ ಎಣ್ಣೆ ಎರಡು ಕಡೆ ಬಿಟ್ಟೆ, ಹಿಂದಿನ ಬೋಲ್ಟು ಎರಡನ್ನೂ ಕಾಲು ಸುತ್ತು ಬಿಗಿ ಮಾಡಿದೆ. ಬಿಲ್ಲಿನಲ್ಲಿ ಇದಕ್ಕೆ ಏನೂ ಕಡಿಮೆ ಮಾಡಲಿಲ್ಲ, ಬಿಡಿ.

ಜಗಳೂರಿನ ಹುಡುಗ ಬಾಗಿಲಲ್ಲಿ ನಿಂತಿದ್ದ. “ಅದನ್ನ ನೋಡಿದ್ರೇನ್ರಿ ಮೇಡಂ?” ಅಂದ. ಗೋವಾ ಮ್ಯಾಗ್ನೆಟ್ಟಿನ ಹಿಂದೆ ಫೆವಿಕ್ವಿಕ್ ಹಾಕಿ ಒಂದು ದಾರ ಅಂಟಿಸಿದ್ದಾನೆ, ಮಂಟಪಕ್ಕೆ ಹೂವು ಕಟ್ಟುವ ದಾರ. ತುದಿಗೆ ಬಟ್ಟೆ ಒಣಹಾಕುವ ನೀಲಿ ಕ್ಲಿಪ್ಪು. ಕುರ್ತಾದ ಅಂಚಿಗೆ ಸಿಕ್ಕಿಸಿಕೊಂಡು, 3ರ ವೇಗಕ್ಕೆ ಇಟ್ಟು, ಬೇಕಂತಲೇ ಹಿಂದಕ್ಕೆ ಸರಿದೆ. ಗೋವಾ ಕಿತ್ತು ಬಂತು, ಬೆಲ್ಟು ನಿಂತಿತು. ಹುಡುಗ ಚಪ್ಪಾಳೆ ತಟ್ಟಿದ.

ಅದಕ್ಕೆ ಅರ್ಧ ಸ್ಟಾರ್ ಜಾಸ್ತಿ. ಈಗ ಎರಡೂವರೆ.